ಕ್ಯಾನ್ಸರ್ ನೋವಿಗೆ ಅಕ್ಯುಪಂಕ್ಚರ್ ಮಾಡಿಸೋರು ಏನೇನು ನೋಡ್ಕೋಬೇಕು

ಅಕ್ಯುಪಂಕ್ಚರ್ ಅಂದ್ರೆ ಮೈಗೆ ಅಲ್ಲಲ್ಲಿ ಸಣ್ಣ ಸೂಜಿ ಚುಚ್ಚೋ ಚಿಕಿತ್ಸೆ, ಅದ್ರಿಂದ ಕ್ಯಾನ್ಸರ್ ವಾಸಿ ಆಗಲ್ಲ. ನೋವು ಕಮ್ಮಿ ಆಗ್ಬೋದು, ಅಷ್ಟಾದ್ರೂ ಮನೇಲಿ ನರಳ್ತಿರೋರಿಗೆ ಅದೇ ದೊಡ್ಡದು. 2022ರಲ್ಲಿ ಅಮೆರಿಕದ ಕ್ಯಾನ್ಸರ್ ಡಾಕ್ಟರ್‌ಗಳ ಸಂಘ ಕೊಟ್ಟ ಗೈಡ್‌ಲೈನ್‌ನಲ್ಲೂ ಇದಿದೆ. ಅದ್ರಲ್ಲೂ ಬ್ರೆಸ್ಟ್ ಕ್ಯಾನ್ಸರ್‌ಗೆ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆ ತಗೊಳೋ ಹೆಂಗಸ್ರಿಗೆ ಮಂಡಿ, ಬೆರಳಿನ ಗಂಟೆಲ್ಲ ಹಿಡ್ಕೊಂಡು ಬೆಳಗ್ಗೆ ಏಳೋಕೇ ಕಷ್ಟ ಆಗುತ್ತಲ್ಲ, ಆ ನೋವಿಗೆ ಒಳ್ಳೇ ಪುರಾವೆ ಇದೆ.

ಸೂಜಿ ಹಾಕಿಸೋ ಮುಂಚೆ ನಿಮ್ಮ ಕ್ಯಾನ್ಸರ್ ಡಾಕ್ಟರ್‌ನ ಕೇಳ್ಲೇಬೇಕು, ಹೊಸ ಬ್ಲಡ್ ರಿಪೋರ್ಟ್ ಕೈಯಲ್ಲಿಟ್ಕೊಂಡು. ಕೀಮೋ ಆದ್ಮೇಲೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಬಿದ್ದಿದ್ರೆ ರಕ್ತಸ್ರಾವ, ಬಿಳಿ ರಕ್ತಕಣ ಬಿದ್ದಿದ್ರೆ ಸೋಂಕಿನ ಭಯ. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿದ್ರೆ ಡಾಕ್ಟರ್ ಸರಿ ಅನ್ನೋವರ್ಗೂ ತಡೀರಿ. ರಕ್ತ ತೆಳು ಮಾಡೋ ಮಾತ್ರೆ, ಪೇಸ್‌ಮೇಕರ್ ಇದ್ರೆ ಅದನ್ನೂ ಹೇಳಿ, ಯಾಕಂದ್ರೆ ಕೆಲವ್ರು ಸೂಜಿಗೆ ಸಣ್ಣ ಕರೆಂಟ್ ಕೊಡ್ತಾರೆ, ಪೇಸ್‌ಮೇಕರ್ ಇದ್ರೆ ಅದು ಬೇಡ.

ಹಾಕೋರ ಹತ್ರ ಕೇಳೋಕೆ ಸಂಕೋಚ ಪಡ್ಬೇಡಿ: ಎಲ್ಲಿ ಕಲ್ತಿದ್ದು, ಕ್ಯಾನ್ಸರ್ ಪೇಷಂಟ್‌ಗಳನ್ನ ನೋಡಿದ್ದೀರಾ ಅಂತ. ಸೂಜಿ ಪ್ಯಾಕೆಟ್ ನಿಮ್ಮೆದುರೇ ಒಡೀಬೇಕು, ಒಂದ್ಸಲ ಹಾಕಿದ್ದು ಬಿಸಾಡ್ಬೇಕು. ಗಡ್ಡೆ ಮೇಲೆ, ರೇಡಿಯೇಷನ್‌ಗೆ ಸುಟ್ಟಿರೋ ಚರ್ಮದ ಮೇಲೆ, ಕಂಕುಳ ಗ್ರಂಥಿ ತೆಗೆದು ಊದ್ಕೊಂಡಿರೋ ಕೈಗೆ ಸೂಜಿ ಬೇಡ. ಯಾರಾದ್ರೂ "ಮಾರ್ಫಿನ್ ಬಿಡಿ, ಕೀಮೋ ಬಿಡಿ, ಇದೇ ಸಾಕು" ಅಂದ್ರೆ ಎದ್ದು ಬಂದ್ಬಿಡಿ. ನೋವಿನ ಮಾತ್ರೆ ಜೊತೇಲೇ ಇದು ನಡೀಬೇಕು, ಡೋಸ್ ಕಮ್ಮಿ ಮಾಡೋದು ಡಾಕ್ಟರ್ ಕೆಲಸ.

ಸೂಜಿ ಕೂದಲೆಳೆ ಥರ ಸಣ್ಣ. ಚುಚ್ಚಿದಾಗ ಚುರ್ ಅನ್ಬೋದು, ಆಮೇಲೆ ಆ ಜಾಗ ಭಾರ ಆದಂಗೆ, ಜುಮ್ ಅಂದಂಗೆ ಆಗುತ್ತೆ, ಒಂದಿಪ್ಪತ್ತು ಮೂವತ್ತು ನಿಮಿಷ ಹಾಗೇ ಮಲಗಿರ್ಬೇಕು. ಖಾಲಿ ಹೊಟ್ಟೇಲಿ ಹೋಗ್ಬೇಡಿ, ತಲೆ ಸುತ್ತುತ್ತೆ.

ಒಂದೇ ಸಲಕ್ಕೆ ಏನೂ ಗೊತ್ತಾಗಲ್ಲ. ಗಂಟು ನೋವಿನ ಮೇಲೆ ಅಮೆರಿಕದಲ್ಲಿ 226 ಹೆಂಗಸರ ಮೇಲೆ ನಡೆದು 2018ರಲ್ಲಿ ಬಂದ ಸ್ಟಡೀಲಿ ಮೊದಲ ಆರು ವಾರ ವಾರಕ್ಕೆರಡು, ಮುಂದಿನ ಆರು ವಾರ ವಾರಕ್ಕೊಂದು ಕೊಟ್ಟಿದ್ರು. ದಿನಾ ರಾತ್ರಿ ನೋವಿಗೆ 0ಯಿಂದ 10ರೊಳಗೆ ನಂಬರ್ ಬರೆದಿಡಿ, ಎಷ್ಟು ಮಾತ್ರೆ ನುಂಗಿದ್ರಿ ಅಂತಾನೂ. ಐದಾರು ವಾರ ಆದ್ರೂ ನಂಬರ್ ಇಳೀದಿದ್ರೆ ದುಡ್ಡು ಸುರೀಬೇಡಿ, ಪ್ಯಾಲಿಯೇಟಿವ್ ಡಾಕ್ಟರ್ (ನೋವು, ನರಳಾಟ ಕಮ್ಮಿ ಮಾಡೋಕೇ ಇರೋ ಡಾಕ್ಟರ್) ಹತ್ರ ಬೇರೆ ದಾರಿ ಕೇಳಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಆ ವಿಭಾಗ ಇದೆ.

ಹಾಕಿಸ್ಕೊಂಡ್ಮೇಲೆ ಜ್ವರ ಬಂದ್ರೆ, ಆ ಜಾಗ ಕೆಂಪಾಗಿ ಊದಿದ್ರೆ, ಎದೆ ಬೆನ್ನಿಗೆ ಹಾಕಿದ್ಮೇಲೆ ಉಸಿರು ಕಟ್ಟಿದಂಗಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.