ಎತ್ತರದ ಕೆಲಸಕ್ಕೆ ನೋಟಿಸು ಬಂದರೆ: ಬೆಲ್ಟಿಗಿಂತ ಮೊದಲು ಅಂಚು

ಬೈಕಂಪಾಡಿಯ ಶೆಡ್ಡಾಗಲಿ, ಮಲ್ಪೆಯ ಐಸ್ ಪ್ಲಾಂಟಾಗಲಿ, ಮಣಿಪಾಲದ ಅಪಾರ್ಟ್‌ಮೆಂಟ್ ಸೈಟಾಗಲಿ, ತಪಾಸಣೆಯಲ್ಲಿ ‘ಬೀಳದಂತೆ ರಕ್ಷಣೆ ಇಲ್ಲ’ ಎಂದು ಬರೆದುಹೋದರೆ ಮರುದಿನವೇ ಹತ್ತು ಸೇಫ್ಟಿ ಬೆಲ್ಟು ತರಿಸಿ ಬಿಲ್ಲು ಲಗತ್ತಿಸುವವರೇ ಹೆಚ್ಚು. ಬೆಲ್ಟು ಕೊನೆಯ ಉಪಾಯ. ಹುಕ್ಕು ಸಿಕ್ಕಿಸಲು ಗಟ್ಟಿ ಜಾಗವಿಲ್ಲದಿದ್ದರೆ ಅದು ಬರೀ ಅಲಂಕಾರ.

ಮೊದಲು ಆ ಜಾಗದ ಕೆಲಸ ನಿಲ್ಲಿಸಿ. ನೋಟಿಸು ಕೈಯಲ್ಲಿ ಹಿಡಿದು ಇಡೀ ಸೈಟು ಸುತ್ತಿ. ಒಂದು ಡಕ್ಟು (ಪೈಪುಗಳಿಗೆಂದು ಬಿಟ್ಟ ತೆರವು) ತೆರೆದಿದೆ ಎಂದು ಬರೆದಿದ್ದರೆ ಎಲ್ಲ ಮಹಡಿಯ ಡಕ್ಟನ್ನೂ ನೋಡಲೇಬೇಕು.

ಸ್ಲ್ಯಾಬಿನ ಅಂಚಿಗೆ ಪೈಪಿನ ಕಟಕಟೆ ಹಾಕಿ: ಮೇಲಿನ ಅಡ್ಡ ಪೈಪು 1 ಮೀಟರಿಗಿಂತ ಸ್ವಲ್ಪ ಎತ್ತರ, ನಡುವಿನದು ಅದರ ಅರ್ಧಕ್ಕೆ, ತಳದಲ್ಲಿ ಸಾಮಾನು ಉರುಳದಂತೆ 15 ಸೆಂ.ಮೀ. ಹಲಗೆ. ಕಂಬಗಳ ನಡುವೆ 8 ಅಡಿಗಿಂತ ಹೆಚ್ಚು ಅಂತರ ಬೇಡ. ಕೆಂಪು-ಬಿಳಿ ರಿಬ್ಬನ್ ಕಟಕಟೆಯಲ್ಲ.

ನೆಲದ ತೂತಿನ ಮೇಲೆ ಪ್ಲೈವುಡ್ ಸುಮ್ಮನೆ ಇಟ್ಟರೆ ಇನ್ನೂ ಅಪಾಯ. ಬಿಡಿ ಹಲಗೆ ಎಂದುಕೊಂಡು ಯಾರೋ ಅದನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತುತ್ತಾರೆ, ಮುಂದೆ ಕಾಲಿಡುತ್ತಾರೆ. ತೂತು ಆ ಹಲಗೆಯ ಮರೆಯಲ್ಲೇ ಇರುತ್ತದೆ. ಜಾರದಂತೆ ಮೊಳೆ ಹೊಡೆದು, ಮೇಲೆ ‘ಕೆಳಗೆ ಗುಂಡಿ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಯಿರಿ.

ಏಣಿಯ ಲೆಕ್ಕ ಸುಲಭ: ಪ್ರತಿ 4 ಅಡಿ ಎತ್ತರಕ್ಕೆ ಬುಡ 1 ಅಡಿ ಹೊರಗೆ, ತುದಿ ಮೇಲಿನ ಮಟ್ಟಕ್ಕಿಂತ 1 ಮೀಟರ್ ಮೇಲೆ, ಮೇಲ್ಗಡೆ ಕಟ್ಟಿರಬೇಕು.

ಮಳೆಗೆ ಮುಂಚಿನ ಶೀಟು ರಿಪೇರಿಯೇ ಈ ಕಡೆಯ ದೊಡ್ಡ ತಲೆನೋವು. ಸಿಮೆಂಟ್ ಶೀಟು ಎಷ್ಟೇ ಹೊಸದಿರಲಿ, ಆಳಿನ ಭಾರ ತಡೆಯುತ್ತದೆಂದು ನಂಬಬಾರದು. ಬೆಳಕಿಗೆಂದು ಹಾಕಿದ ಫೈಬರ್ ಶೀಟು ಪಾಚಿ, ಮಸಿ ಹಿಡಿದರೆ ಮೇಲಿನಿಂದ ಗುರುತೇ ಸಿಗದು. ಸಾಧ್ಯವಿದ್ದಷ್ಟೂ ಕೆಳಗಿನಿಂದಲೇ ಕೆಲಸ ಮಾಡಿಸಿ. ಹತ್ತಲೇಬೇಕಾದರೆ ಪರ್ಲಿನ್‌ಗಳ (ಶೀಟು ಹೊರುವ ಅಡ್ಡ ತೊಲೆಗಳ) ಮೇಲೆ ಕೂರುವ ಉದ್ದದ ಹಲಗೆ ಹಾಸಿ, ಬೆಲ್ಟು ಕಟ್ಟಲು ಲೈಫ್‌ಲೈನ್ ಎಂಬ ಗಟ್ಟಿ ಹಗ್ಗ ಎಳೆಯಿರಿ.

ಇನ್ನು ಬೆಲ್ಟು. ಐ.ಎಸ್. 3521 (ಭಾರತೀಯ ಮಾನಕ) ಗುರುತಿನ, ಮೈತುಂಬಾ ಪಟ್ಟಿಯಿರುವ ಹಾರ್ನೆಸ್ಸೇ ಬೇಕು. 1.8 ಮೀಟರ್ ಹಗ್ಗ, ಎಳೆತಕ್ಕೆ ಬಿಚ್ಚಿಕೊಳ್ಳುವ ಶಾಕ್ ಅಬ್ಸಾರ್ಬರ್ 1.75 ಮೀಟರ್‌ವರೆಗೆ, ಬೆನ್ನಿನ ಕೊಂಡಿಯಿಂದ ಪಾದಕ್ಕೆ ಸುಮಾರು 1.5 ಮೀಟರ್, ಜೊತೆಗೆ 1 ಮೀಟರ್ ಮಿಗಿತ: ಹುಕ್ಕು ಹಾಕಿದ ಜಾಗದ ಕೆಳಗೆ ಸುಮಾರು 6 ಮೀಟರ್ ಖಾಲಿ ಇರಬೇಕಾಯಿತು. ಮೊದಲ ಮಹಡಿಯ ಅಂಚಿನಲ್ಲಿ ಹುಕ್ಕನ್ನು ಕಾಲ ಮಟ್ಟಕ್ಕೆ ಹಾಕಿದ್ದರೆ ಈ ಹಗ್ಗ ಬಿಗಿಯಾಗುವ ಮೊದಲೇ ಕಾಲು ನೆಲಕ್ಕೆ ಬಡಿದಿರುತ್ತದೆ. ಅಲ್ಲಿ ಅಂಚನ್ನೇ ತಲುಪದಷ್ಟು ಗಿಡ್ಡ ಹಗ್ಗ ಕೊಡಿ. ಹುಕ್ಕನ್ನು ಸಾರುವೆಯ ಪೈಪಿಗೋ ನೀರಿನ ಪೈಪಿಗೋ ಸಿಕ್ಕಿಸಬೇಡಿ. ಕಟ್ಟುವ ಬಿಂದುವನ್ನು ಇಂಜಿನಿಯರ್ ನೋಡಿ ಒಪ್ಪಿರಬೇಕು. ಕಡಲ ಉಪ್ಪುಗಾಳಿಗೆ ಸಾದಾ ಬೋಲ್ಟು ಒಳಗೊಳಗೇ ತಿಂದುಹೋಗುವುದರಿಂದ 316 ದರ್ಜೆಯ ಸ್ಟೇನ್‌ಲೆಸ್ ಹಾಕಿಸಿ. ಒಮ್ಮೆ ಬಿದ್ದವರನ್ನು ತಡೆದ ಹಾರ್ನೆಸ್ಸನ್ನು ಕತ್ತರಿಸಿ ಬಿಸಾಡಿ. ನೇತಾಡುವವರನ್ನು ಕೆಲವೇ ನಿಮಿಷದಲ್ಲಿ ಇಳಿಸುವುದು ಯಾರು, ಹೇಗೆ ಎಂಬುದೂ ಮೊದಲೇ ಗೊತ್ತಿರಲಿ.

ನೋಟಿಸಿನ ಉತ್ತರದಲ್ಲಿ ಪ್ರತಿ ಅಂಶಕ್ಕೂ ಒಂದೇ ಕೋನದಿಂದ ತೆಗೆದ ಮೊದಲಿನ, ಈಗಿನ ಫೋಟೋ, ತಾರೀಕು, ಹೊಣೆ ಹೊತ್ತವರ ಹೆಸರು ಇರಲಿ. ಗಡುವಿನೊಳಗೆ ಮುಗಿಯದ್ದನ್ನು ಮುಗಿಯಿತೆಂದು ಬರೆಯಬೇಡಿ. ಆ ಜಾಗ ಬಂದ್ ಮಾಡಿರುವ ಫೋಟೋ ಲಗತ್ತಿಸಿ ಕಾಲಾವಕಾಶ ಕೇಳಿ.