ವಾರದ ಲೆಕ್ಕ, ವರ್ಷದ ಲೆಕ್ಕ ಒಂದೇ ಹಾಳೆಯಲ್ಲಿ: ಪುಣೆಯ ಲೇಬರ್ ಕ್ಯಾಂಪ್‌ಗಳ ಅನುಭವ

ಹಿಂಜವಡಿ, ವಾಕಡ್ ಕಡೆಯ ಕ್ಯಾಂಪ್‌ಗಳಲ್ಲಿ ಕಲಬುರಗಿ, ಯಾದಗಿರಿಯ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಗರ್ಭದ ವಾರಗಳನ್ನೂ, ಅವಳು ಬಯಸುವ ಮುಂದಿನ ಒಂದು ವರ್ಷವನ್ನೂ ನಾವು ಒಂದೇ ಹಾಳೆಯಲ್ಲಿ ಬರೆಯುತ್ತೇವೆ. ಗರ್ಭ ಬೇಡವೆಂದು ಬಂದವಳ ಮುಂದೆ ಬರುವ ವರ್ಷದ ಮಾತೆತ್ತಿದರೆ ಹೆದರುತ್ತಾಳೆ ಅಂತ ಹಿರಿಯ ಕೌನ್ಸೆಲರ್‌ಗಳೇ ಅಡ್ಡ ಹೇಳಿದ್ದರು. ಈಗ ನಮ್ಮ ಹಾಳೆಯ ಜೆರಾಕ್ಸ್ ಒಯ್ಯುವವರೂ ಅವರೇ.

ಬರುವ ವರ್ಷದ ಪ್ರಶ್ನೆ ನಾವು ಹುಟ್ಟಿಸಿದ್ದಲ್ಲ. ಅಮೆರಿಕದ ಟರ್ನ್‌ಅವೇ ಅಧ್ಯಯನ ಗರ್ಭಪಾತ ಕೇಳಿ ಹೋದ ಸುಮಾರು ಸಾವಿರ ಮಹಿಳೆಯರನ್ನು ಐದು ವರ್ಷ ಮಾತಾಡಿಸುತ್ತಾ ಹೋಯಿತು. ಇನ್ನೊಂದು ವರ್ಷಕ್ಕೆ ಬದುಕು ಹೇಗಿರುತ್ತದೆ ಎಂದು ಕೇಳಿದಾಗ, ಗರ್ಭಪಾತ ಸಿಕ್ಕವರು ಓದು, ಕೆಲಸದಂಥ ಒಳ್ಳೆಯ ಆಸೆ ಹೇಳಿದ್ದು, ಸಿಗದೆ ಮುಂದೆ ಹೆತ್ತು ಸಾಕಿದವರಿಗಿಂತ ಬಹಳ ಹೆಚ್ಚು. ಇಲ್ಲಿ "ನಿನ್ನ ಗುರಿ ಏನು" ಅಂದರೆ "ಏನಿಲ್ರಿ ಅಕ್ಕಾ" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಬರೋ ನಾಗರ ಪಂಚಮಿಗೆ ಹ್ಯಾಂಗಿರಬೇಕು ಅಂತೀ?" ಅಂದರೆ ಬಾಯಿ ಬಿಡುತ್ತಾರೆ: ಮುಕಾದಮನ (ಕೂಲಿಗೆ ಕರೆತಂದ ಮೇಸ್ತ್ರಿಯ) ಮುಂಗಡ ತೀರಬೇಕು, ಎಸ್ಸೆಸ್ಸೆಲ್ಸಿ ಕಟ್ಟಬೇಕು, ಮಗಳನ್ನು ಹಾಸ್ಟೆಲ್‌ಗೆ ಹಾಕಬೇಕು. ಅತ್ತೆ ಪಕ್ಕದಲ್ಲಿದ್ದರೆ ಬರುವುದು ಅತ್ತೆಯ ಉತ್ತರ. ಒಬ್ಬಳೇ ಸಿಗುವ ಹೊತ್ತು ನೋಡಿಕೊಳ್ಳಿ. ಹೆರುತ್ತೇನೆ ಅನ್ನುವವಳಿಗೂ ಇದೇ ಹಾಳೆ, ಇದೇ ಪ್ರಶ್ನೆ. ಯಾವ ಕಡೆಗೂ ತಳ್ಳಬಾರದು.

ಹಾಳೆಯ ಎಡಕ್ಕೆ ವಾರಗಳು, ಬಲಕ್ಕೆ ಹನ್ನೆರಡು ತಿಂಗಳು. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ಯಾರಿಗೂ ನೆನಪಿರುವುದಿಲ್ಲ. ಅಮಾವಾಸ್ಯೆಗೆ ಮುಂಚೆಯೋ, ಆಮೇಲೋ ಅಂತ ಕೇಳಿದರೆ ಒಂದು ವಾರದ ಹೆಚ್ಚುಕಮ್ಮಿಯಲ್ಲಿ ಸಿಗುತ್ತದೆ. ಲೆಕ್ಕ ಎಂಟು ವಾರ ದಾಟಿದ್ದರೆ, ಒಂದೇ ಪಕ್ಕ ನೋವಿದ್ದರೆ, ಕಾಪರ್-ಟಿ ಇದ್ದೂ ಗರ್ಭ ನಿಂತಿದ್ದರೆ ಸೋನೋಗ್ರಫಿ ಆಗಲೇಬೇಕು. ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತ ಗರ್ಭಕ್ಕೆ ಗರ್ಭಪಾತದ ಗುಳಿಗೆ ನಾಟುವುದಿಲ್ಲ, ಜೀವಕ್ಕೇ ಅಪಾಯ.

ಕಾನೂನು ನಿಮಗೆ ಗೊತ್ತು: ಗರ್ಭಪಾತದ ಕಾಯ್ದೆಯ (ಎಂಟಿಪಿ) 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಗೊತ್ತುಪಡಿಸಿದ ವರ್ಗಗಳಿಗೆ 24ರವರೆಗೆ ಇಬ್ಬರದು. 18 ತುಂಬಿದವಳ ಸಹಿ ಒಂದೇ ಸಾಕು. ಆದರೂ ಆಸ್ಪತ್ರೆಯ ಕೌಂಟರಿನಲ್ಲಿ ಗಂಡನನ್ನು ಕರೆತಾ ಅನ್ನುವವರಿದ್ದಾರೆ. ಫಾರ್ಮ್ ಸಿ, ಅಂದರೆ ಅವಳ ಒಪ್ಪಿಗೆ ಪತ್ರ, ಮುದ್ರಿಸಿ ಕೈಯಲ್ಲಿ ಕೊಟ್ಟು ಕಳಿಸಿ. ಆ ಕೌಂಟರಿನಲ್ಲಿ ನಾವು ಏನು ಹೇಳುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಕೌಂಟರಿನವರೂ ಓದುತ್ತಾರೆ.

ದುಡ್ಡಿನ ವಿಷಯ. ನೆನಪಿನ ಲೆಕ್ಕದಲ್ಲಿ, ಖಾಸಗಿಯಲ್ಲಿ 9 ವಾರದೊಳಗೆ ವೈದ್ಯರು, ಗುಳಿಗೆ, ಸೋನೋಗ್ರಫಿ ಸೇರಿ ಮೂರರಿಂದ ಐದು ಸಾವಿರ. 12 ವಾರ ದಾಟಿದರೆ ಇಪ್ಪತ್ತು ಸಾವಿರಕ್ಕೂ ಮೇಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ ಕಮ್ಮಿ, ಆದರೆ ನಾಲ್ಕು ಸಲ ಅಲೆದರೆ ನಾಲ್ಕು ದಿನದ ಕೂಲಿ, ಆಟೋ, ಜೊತೆಗೆ ಬಂದವಳ ಕೂಲಿಯೂ ಹೋಯಿತು. ಅದಕ್ಕೆ ಸಾಲ ಎತ್ತುವುದು ಅದೇ ಮುಕಾದಮನ ಹತ್ತಿರ. ಮುಂಗಡ ತೀರಿಸಿ ಊರಿಗೆ ಹೋಗುವ ಆಸೆ ಅಲ್ಲೇ ಒಂದು ವರ್ಷ ಹಿಂದೆ ಬೀಳುತ್ತದೆ. ಹಾಳೆಯಲ್ಲಿ ಎರಡೂ ಲೆಕ್ಕ ಪಕ್ಕಪಕ್ಕ ಇರುವುದು ಇದಕ್ಕೇ: ಎಡಗಡೆ ತಡವಾದ ಒಂದೊಂದು ವಾರದ ಬೆಲೆ ಬಲಗಡೆ ಕಾಣುತ್ತದೆ.

ಎಲ್ಲರೂ ಎಡವುವುದು ಎರಡನೇ ಗುಳಿಗೆಯ ದಿನ. ಮೊದಲ ಗುಳಿಗೆ, ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ನುಂಗಿದ ದಿನ ಬಹುತೇಕರು ಕೆಲಸಕ್ಕೆ ಹೋಗಬಹುದು. ಒಂದೆರಡು ದಿನ ಬಿಟ್ಟು ಎರಡನೆಯದು, ಮಿಸೊಪ್ರೊಸ್ಟಾಲ್, 200 ಮೈಕ್ರೋಗ್ರಾಂನ ನಾಲ್ಕು ಗುಳಿಗೆ. ಅದಾಗಿ ಕೆಲವೇ ತಾಸಿಗೆ ರಕ್ತ, ನೋವು. ಸಂಜೆ ತೆಗೆದುಕೊಂಡರೆ ಜೋರು ಬರುವ ಹೊತ್ತಿಗೆ ಕ್ಯಾಂಪಿನ ಸಾರ್ವಜನಿಕ ಶೌಚಾಲಯಕ್ಕೆ ಬೀಗ. ಬೆಳಿಗ್ಗೆಯೇ ತೆಗೆದುಕೊಳ್ಳಲಿ, ವಾರದ ರಜೆಗೆ ಹೊಂದಿಸಿ, ಒಳಗೇ ಸಂಡಾಸು ಇರುವ ಮನೆಯಲ್ಲಿ. ತಾಸಿಗೆ ಎರಡು ಪ್ಯಾಡ್ ತುಂಬಿ ಎರಡು ತಾಸು ಹಾಗೇ ಹೋದರೆ ನೇರ ಆಸ್ಪತ್ರೆಗೆ. ಹದಿನೈದನೇ ದಿನದ ತಪಾಸಣೆ ತಪ್ಪಿಸಬಾರದು. ಮನೆಯಲ್ಲಿ ಗರ್ಭ ಪರೀಕ್ಷೆಯ ಸ್ಟ್ರಿಪ್ ಹಾಕಿ ನೋಡಬೇಡಿ. ಎಲ್ಲ ಸರಿಯಾಗಿದ್ದರೂ ತಿಂಗಳವರೆಗೆ ಎರಡು ಗೆರೆ ಬರಬಹುದು, ಸುಮ್ಮನೆ ಗಾಬರಿ.

ನಡುವೆ ಇದನ್ನೆಲ್ಲ ಕಲಬುರಗಿ ಮಾತಿನಲ್ಲಿ ಧ್ವನಿ ಸಂದೇಶ ಮಾಡಿ ವಾಟ್ಸಾಪ್‌ಗೆ ಬಿಟ್ಟು ನೋಡಿದೆವು. ನಡೆಯಲಿಲ್ಲ, ಫೋನು ಗಂಡನದು. ಅದೇ ಮಾತನ್ನು ನೀರಿನ ಟ್ಯಾಂಕರ್ ಸಾಲಿನಲ್ಲಿ ಹೇಳಿದ್ದು ಹೆಚ್ಚು ದೂರ ಹೋಯಿತು.

ಬಲಗಡೆಯ ತಿಂಗಳುಗಳಲ್ಲಿ ಮೊದಲು ಬರೆಯುವುದು ಗರ್ಭನಿರೋಧಕದ ದಿನ. ಗುಳಿಗೆಯಾಗಿ ಎರಡೇ ವಾರದಲ್ಲಿ ಮತ್ತೆ ಗರ್ಭ ನಿಲ್ಲಬಹುದು. ನಿಂತರೆ ಪರೀಕ್ಷೆ, ಹಾಸ್ಟೆಲ್ ಎಲ್ಲ ಅಳಿಸಿ ಬರೆಯಬೇಕು. ಹೆಚ್ಚಿನವರು ಆರಿಸುವುದು ಅಂತರಾ ಸೂಜಿ: ಮೂರು ತಿಂಗಳಿಗೊಂದು, ಸರ್ಕಾರಿಯಲ್ಲಿ ಪುಕ್ಕಟೆ. ಜಾತ್ರೆಗೆ ಊರಿಗೆ ಹೋದಾಗ ಸೂಜಿ ತಪ್ಪುತ್ತದೆ. ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಬಹುದು; ಇಲ್ಲವೇ ಕಾರ್ಡ್ ಜೊತೆಗೊಯ್ದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳಬಹುದು, ಅಂತರಾ ಕೇಂದ್ರ ಸರ್ಕಾರದ ಯೋಜನೆ.