ಪರದೆಯ ಮೇಲೆ ಏನಿರಬೇಕು, ಬಾಯಲ್ಲಿ ಏನಿರಬೇಕು: ಸ್ಲೈಡ್ ತಯಾರಿಸುವವರಿಗೆ ಒಂದು ಕೈಪಿಡಿ

ಪ್ರೆಸೆಂಟೇಷನ್ ಸಿದ್ಧಪಡಿಸಲು ಕುಳಿತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಪವರ್‌ಪಾಯಿಂಟ್ ತೆರೆದು, ಚೆಂದದ ವಿನ್ಯಾಸವೊಂದನ್ನು ಆರಿಸಿ, ಮೊದಲ ಸ್ಲೈಡಿನಲ್ಲಿ ವಿಷಯದ ಹೆಸರನ್ನು ಟೈಪಿಸುವುದು. ಈ ಕ್ರಮವನ್ನು ತಿರುವುಮುರುವು ಮಾಡುವುದು ಲೇಸು. ಸಭೆ ಮುಗಿಸಿ ಬಾಗಿಲು ದಾಟುತ್ತಿರುವ ಕೇಳುಗನನ್ನು ಯಾರಾದರೂ ತಡೆದು ‘ಏನು ಹೇಳಿದರು?’ ಎಂದು ಕೇಳಿದರೆ ಅವನ ಬಾಯಿಂದ ಬರಬೇಕಾದ ಒಂದೇ ಒಂದು ವಾಕ್ಯವನ್ನು ಮೊದಲು ಹಾಳೆಯ ಮೇಲೆ ಬರೆದುಕೊಳ್ಳಿ. ಆ ವಾಕ್ಯ ಹೊಳೆಯದಿದ್ದರೆ ಸ್ಲೈಡ್ ತಯಾರಿಸುವ ಸಮಯ ಇನ್ನೂ ಬಂದಿಲ್ಲ ಎಂದೇ ಅರ್ಥ. ಹೊಳೆದ ಮೇಲೆ, ಅದನ್ನು ಒಪ್ಪಿಕೊಳ್ಳಲು ಕೇಳುಗರಿಗೆ ಏನೇನು ತಿಳಿದಿರಬೇಕು ಎಂಬುದನ್ನು ಅದರ ಕೆಳಗೆ ಸಾಲುಸಾಲಾಗಿ ಬರೆಯಿರಿ. ಮುಂದೆ ಆ ಸಾಲುಗಳೇ ಸ್ಲೈಡುಗಳ ಶೀರ್ಷಿಕೆಗಳಾಗುತ್ತವೆ.

ಶೀರ್ಷಿಕೆಗಳು ಪೂರ್ಣ ವಾಕ್ಯಗಳಾಗಿರಬೇಕು ಎಂಬುದು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು. ಒಂದು ಗ್ರಂಥಾಲಯದ ವಾರ್ಷಿಕ ವರದಿಯ ಸ್ಲೈಡನ್ನು ಕಲ್ಪಿಸಿಕೊಳ್ಳಿ. ಮೇಲೆ ‘ಸದಸ್ಯರ ವಿವರ’ ಎಂಬ ಶೀರ್ಷಿಕೆ, ಎಡಕ್ಕೆ ಆರು ಬುಲೆಟ್ ಸಾಲುಗಳು, ಬಲಕ್ಕೆ ಹನ್ನೆರಡು ತಿಂಗಳ ಹನ್ನೆರಡು ಕಂಬಗಳಿರುವ ಗ್ರಾಫ್. ಒಂದೊಂದು ಕಂಬಕ್ಕೆ ಒಂದೊಂದು ಬಣ್ಣ, ಬಣ್ಣಗಳ ಅರ್ಥ ತಿಳಿಸಲು ಪಕ್ಕದಲ್ಲೊಂದು ಪಟ್ಟಿ. ನೋಡುವವನ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಸ್ಲೈಡ್ ಹೇಳುವುದೇ ಇಲ್ಲ. ಈಗ ಶೀರ್ಷಿಕೆಯನ್ನು ‘ಪರೀಕ್ಷೆ ಮುಗಿದ ತಿಂಗಳಲ್ಲೇ ಅತಿ ಹೆಚ್ಚು ಸದಸ್ಯರು ಗ್ರಂಥಾಲಯ ಬಿಡುತ್ತಾರೆ’ ಎಂದು ಬದಲಿಸಿ, ಹನ್ನೊಂದು ಕಂಬಗಳಿಗೆ ತಿಳಿಬೂದು ಬಣ್ಣ ಕೊಟ್ಟು ಆ ಒಂದು ತಿಂಗಳ ಕಂಬವನ್ನು ಮಾತ್ರ ಗಾಢವಾಗಿಸಿ, ಅದರ ನೆತ್ತಿಯ ಮೇಲೆ ಸಂಖ್ಯೆಯನ್ನು ಬರೆಯಿರಿ. ಬಣ್ಣದ ಪಟ್ಟಿಯನ್ನೂ ಹಿನ್ನೆಲೆಯ ಗೆರೆಗಳನ್ನೂ ಅಳಿಸಿಬಿಡಿ. ಆರು ಬುಲೆಟ್ ಸಾಲುಗಳು ನೋಟ್ಸ್ ವಿಭಾಗಕ್ಕೆ ಇಳಿಯಲಿ. ಅವು ನೀವು ಆಡಬೇಕಾದ ಮಾತುಗಳು.

ಶೀರ್ಷಿಕೆ ಒಂದು ಹೇಳಿ ಒಳಗಿನ ಅಂಕಿ ಇನ್ನೊಂದು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಕೊಲಂಬಿಯಾ ಗಗನನೌಕೆಯ ಪ್ರಸಂಗಕ್ಕಿಂತ ಕಠೋರವಾದ ಉದಾಹರಣೆ ನನಗೆ ಗೊತ್ತಿಲ್ಲ. 2003ರ ಜನವರಿಯಲ್ಲಿ ಉಡಾವಣೆಯ ವೇಳೆ ಇಂಧನದ ಹೊರತೊಟ್ಟಿಯಿಂದ ಫೋಮಿನ ತುಂಡೊಂದು ಕಳಚಿ ನೌಕೆಯ ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಹಾನಿಯನ್ನು ಅಂದಾಜಿಸಿ ಸ್ಲೈಡುಗಳ ಮೂಲಕ ವರದಿ ಒಪ್ಪಿಸಿದರು. ಅವುಗಳಲ್ಲಿ ಒಂದು ಸ್ಲೈಡಿನ ಶೀರ್ಷಿಕೆ, ಪರೀಕ್ಷೆಯ ದತ್ತಾಂಶವು ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಭಾವನೆ ಹುಟ್ಟಿಸುವಂತಿತ್ತು. ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲದ್ದು, ನೌಕೆಗೆ ಬಡಿದದ್ದು ಅಂದಾಜು 1920 ಘನ ಅಂಗುಲದ್ದು, ಅಂದರೆ 640 ಪಟ್ಟು ದೊಡ್ಡದು. ಈ ಸಂಗತಿ ಇದ್ದದ್ದು ಒಳಗೊಳಗೆ ಸರಿಯುತ್ತಾ ಹೋದ ಬುಲೆಟ್‌ಗಳ ಕಟ್ಟಕಡೆಯ ಸಾಲಿನಲ್ಲಿ. ಫೆಬ್ರುವರಿ 1ರಂದು ವಾತಾವರಣಕ್ಕೆ ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಸತ್ತರು. ದುರಂತಕ್ಕೆ ಸ್ಲೈಡೇ ಕಾರಣ ಎನ್ನುವುದು ಅತಿಯಾದೀತು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನೂ ಅದರ ಬಗ್ಗೆ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಮಾಡಿದ ವಿಶ್ಲೇಷಣೆಯನ್ನೂ ಸೇರಿಸಿ, ತಾಂತ್ರಿಕ ಬರಹದ ಜಾಗದಲ್ಲಿ ಸ್ಲೈಡುಗಳನ್ನು ಬಳಸುವ ರೂಢಿಯನ್ನು ಟೀಕಿಸಿತು.

ಇದರಿಂದ ಹೊರಡುವ ನಿಯಮ ಸರಳ: ಓದಬೇಕಾದದ್ದನ್ನು ಕಾಗದದಲ್ಲಿ ಕೊಡಿ, ನೋಡಬೇಕಾದದ್ದನ್ನು ಪರದೆಯ ಮೇಲೆ ತೋರಿಸಿ. ಪರದೆಯ ಮೇಲೆ ಸಾಲುಗಳು ಬಿದ್ದ ಕೂಡಲೇ ಸಭಿಕರು ಓದಲು ತೊಡಗುತ್ತಾರೆ, ಓದುವಷ್ಟು ಹೊತ್ತು ನಿಮ್ಮ ಮಾತು ಅವರ ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ. ಅವೇ ಸಾಲುಗಳನ್ನು ನೀವು ಗಟ್ಟಿಯಾಗಿ ಓದತೊಡಗಿದರಂತೂ, ನಿಮಗಿಂತ ಬೇಗ ಓದಿ ಮುಗಿಸಿದವರು ಕಾಯುತ್ತಾ ಕುಳಿತು ಮೊಬೈಲ್ ಹೊರತೆಗೆಯುತ್ತಾರೆ. ಸ್ಲೈಡನ್ನೇ ಕರಪತ್ರವಾಗಿಯೂ ಬಳಸುವ ದುರಾಸೆ ಬೇಡ. ಎರಡು ಪುಟದ ಟಿಪ್ಪಣಿಯನ್ನು ಬೇರೆಯಾಗಿ ಬರೆದು ಕೊನೆಯಲ್ಲಿ ಹಂಚಿ.

ಅಕ್ಷರದ ಗಾತ್ರ 24 ಪಾಯಿಂಟಿಗಿಂತ ಕೆಳಗೆ ಇಳಿಯದಿರಲಿ. ಲ್ಯಾಪ್‌ಟಾಪಿನಿಂದ ಏಳೆಂಟು ಅಡಿ ಹಿಂದೆ ಸರಿದು ನಿಂತು ಓದಿ ನೋಡುವುದು ಒಳ್ಳೆಯ ಪರೀಕ್ಷೆ. ಅಕ್ಷರ ಮತ್ತು ಹಿನ್ನೆಲೆಗಳ ನಡುವಿನ ಕಾಂಟ್ರಾಸ್ಟ್ ಅನುಪಾತ, ಅಂದರೆ ಅವುಗಳ ಹೊಳಪಿನ ವ್ಯತ್ಯಾಸದ ಅಳತೆ, ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕೆಂದು ಜಾಲತಾಣಗಳಿಗಾಗಿ ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಪ್ರೊಜೆಕ್ಟರಿನ ಬೆಳಕು ಬಣ್ಣಗಳನ್ನು ಪೇಲವಗೊಳಿಸುವುದರಿಂದ ಸ್ಲೈಡಿಗೆ ಅದಕ್ಕಿಂತ ಹೆಚ್ಚೇ ಬೇಕು. ಕೆಂಪು–ಹಸಿರುಗಳ ವ್ಯತ್ಯಾಸ ಕಾಣದವರು ಸಭೆಯಲ್ಲಿ ಇದ್ದೇ ಇರುತ್ತಾರೆಂದು ಭಾವಿಸಿ, ಬಣ್ಣದ ಜೊತೆಗೆ ಹೆಸರನ್ನೂ ಬರೆಯಿರಿ. ಕನ್ನಡದಲ್ಲಿ ಸ್ಲೈಡ್ ಮಾಡುವವರು ಸಾಲುಗಳ ನಡುವಿನ ಅಂತರವನ್ನು ಸ್ವಲ್ಪ ಹಿಗ್ಗಿಸಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳ ತಲೆಗೆ ತಾಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಒಂದು ಸಭೆಯಲ್ಲಿ ನಾನು ಮೂವತ್ತು ಸ್ಲೈಡುಗಳ ಪೈಕಿ ಬರೀ ಚಿತ್ರಗಳಿದ್ದ ನಾಲ್ಕನ್ನು ತೋರಿಸಿ ಮಾತು ಮುಗಿಸಬೇಕಾಯಿತು. ಉಳಿದ ಇಪ್ಪತ್ತಾರು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ! ಅಂದಿನಿಂದ ಪಿಡಿಎಫ್ ಪ್ರತಿಯೊಂದು ಜೇಬಿನಲ್ಲಿರುತ್ತದೆ.

ಎಷ್ಟು ಸ್ಲೈಡ್ ಇರಬೇಕು ಎಂಬ ಪ್ರಶ್ನೆಗೆ ಸಿದ್ಧ ಸೂತ್ರಗಳಿವೆ. ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟ್ ಅಕ್ಷರ ಎಂಬುದು ಅಮೆರಿಕದ ಉದ್ಯಮಿ, ಲೇಖಕ ಗೈ ಕವಾಸಾಕಿಯ ಸಲಹೆ. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಕುಚ ಪದ್ಧತಿಯಲ್ಲಿ ಇಪ್ಪತ್ತು ಸ್ಲೈಡುಗಳು, ಒಂದೊಂದಕ್ಕೆ ಇಪ್ಪತ್ತು ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡು. ಸಂಖ್ಯೆಯ ಬಗ್ಗೆ ನನಗೆ ಹೆಚ್ಚು ಕಾಳಜಿಯಿಲ್ಲ. ಗಡಿಯಾರ ಮುಂದಿಟ್ಟುಕೊಂಡು, ನಿಂತುಕೊಂಡು, ಗಟ್ಟಿಯಾಗಿ ಮೂರು ಬಾರಿ ಹೇಳಿ ನೋಡಿದರೆ ಯಾವ ಸ್ಲೈಡ್ ಬೇಡವೆಂಬುದು ನಾಲಿಗೆಗೇ ತಿಳಿಯುತ್ತದೆ. ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಲ್ಲ. ಮೊದಲ ಒಂದು ನಿಮಿಷದ ಮಾತನ್ನು ಮಾತ್ರ ಬಾಯಿಪಾಠ ಮಾಡಿ, ಏಕೆಂದರೆ ಗಂಟಲು ಒಣಗುವುದು ಆಗಲೇ.

ವೇದಿಕೆಯ ಮೇಲೆ ಹೊಸ ಸ್ಲೈಡ್ ತೆರೆದಾಗ ಎರಡು ಮೂರು ಸೆಕೆಂಡು ಸುಮ್ಮನಿದ್ದು, ಜನ ನೋಡಿದ ಮೇಲೆ ಮಾತು ಆರಂಭಿಸಿ. ಪರದೆಗೆ ಸಂಬಂಧವಿಲ್ಲದ ಪ್ರಸಂಗವನ್ನು ಹೇಳುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪವರ್‌ಪಾಯಿಂಟ್‌ನಲ್ಲಿ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮರಳುತ್ತದೆ. ಕಪ್ಪಾದ ಕ್ಷಣ ಅಷ್ಟೂ ಕಣ್ಣುಗಳು ನಿಮ್ಮತ್ತ ಹೊರಳುವುದನ್ನು ಗಮನಿಸಿ. ಕೊನೆಯಲ್ಲಿ ‘ಧನ್ಯವಾದಗಳು’ ಎಂಬ ದೊಡ್ಡ ಅಕ್ಷರದ ಸ್ಲೈಡ್ ಬೇಡ, ಆ ಮಾತನ್ನು ಬಾಯಲ್ಲೇ ಹೇಳಬಹುದು. ಪ್ರಶ್ನೋತ್ತರ ನಡೆಯುವಷ್ಟೂ ಹೊತ್ತು ಪರದೆಯ ಮೇಲೆ ನಿಲ್ಲುವುದು ಆ ಕೊನೆಯ ಸ್ಲೈಡೇ ಆದ್ದರಿಂದ, ನಿಮ್ಮ ಮುಖ್ಯ ವಾಕ್ಯವೂ ಅದನ್ನು ಎತ್ತಿ ಹಿಡಿಯುವ ಗ್ರಾಫೂ ಅಲ್ಲಿರಲಿ. ಬರಬಹುದಾದ ಪ್ರಶ್ನೆಗಳಿಗೆ ಬೇಕಾದ ಕೋಷ್ಟಕಗಳನ್ನು ಅದರ ನಂತರ ಜೋಡಿಸಿ, ಆ ಸ್ಲೈಡುಗಳ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರಶ್ನೆ ಬಂದಾಗ ಆ ಸಂಖ್ಯೆಯನ್ನು ಟೈಪಿಸಿ ಎಂಟರ್ ಒತ್ತಿದರೆ ನಡುವಿನ ಸ್ಲೈಡುಗಳನ್ನೆಲ್ಲ ಓಡಿಸದೆ ನೇರವಾಗಿ ಅಲ್ಲಿಗೆ ಹೋಗಬಹುದು.